ಉಣ್ಣುವ ಹೊಲ, ಮಲಗುವ ನೆಲ

(ಬಳಗದ ವಾರ್ಷಿಕ ಕೂಟದಲ್ಲಿ ಚಿಕ್ಕೋಡಿ ಸೀಮೆಯ ಸದಸ್ಯರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಸಹ್ಯಾದ್ರಿಯ ನೆತ್ತಿಯ ಮೇಲೆ ಸುರಿದ ಮಳೆ ವೇದಗಂಗೆ, ದೂಧಗಂಗೆ, ಕೃಷ್ಣೆಯರಾಗಿ ಇಳಿದುಬರುವ ಸೀಮೆ ನಮ್ಮದು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಎಂದೊಡನೆ ಕೇಳಿದವರಿಗೆ ತಂಬಾಕು ನೆನಪಾಗುತ್ತದೆ, ಕಬ್ಬು ನೆನಪಾಗುತ್ತದೆ, ಚಪ್ಪಲಿ ನೆನಪಾಗುತ್ತದೆ, 2005 ಮತ್ತು 2019ರ ಮಹಾಪೂರ ನೆನಪಾಗುತ್ತದೆ. ಯಾರಿಗೂ ಕಾಡು ನೆನಪಾಗುವುದಿಲ್ಲ. ಕಾಡಿಲ್ಲದ ಮೇಲೆ ಕಾಡುಜೀವಿಗಳೆಲ್ಲಿಂದ ಬಂದಾವು, ಉಳಿಸಲು ಅಲ್ಲೇನಿದೆ ಎಂಬುದು ಸಹಜವಾದ ಪ್ರಶ್ನೆ. ಮಲೆನಾಡಿನ ಚಳವಳಿಗಳಲ್ಲಿ ತೊಡಗಿರುವ ನಿಮ್ಮೆದುರು ಆ ಪ್ರಶ್ನೆಗೆ ಒಂದು ಉತ್ತರವನ್ನು ಇಡಲು ಬಯಸುತ್ತೇನೆ. ನಮ್ಮ ಬಯಲಿನಲ್ಲಿ ಹುಲಿಯ ಸ್ಥಾನದಲ್ಲಿ ನಿಂತಿರುವುದು ಬೇಟೆಹಕ್ಕಿ. ಹೊಲದ ಇಲಿ, ಮಿಡತೆ, ಓತಿಕ್ಯಾತ, ಹಾವುಗಳ ಲೆಕ್ಕವನ್ನು ಮೇಲಿನಿಂದ ನೋಡಿಕೊಳ್ಳುವ ಜೀವಿ ಅದು.

ಈ ಹಕ್ಕಿಗಳೊಡನೆ ನಮ್ಮ ನಾಡಿನ ಒಡನಾಟ ಇಂದಿನದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಗಿಡುಗಗಳನ್ನು ಪಳಗಿಸಿ ಬೇಟೆಯಾಡಿಸುವ ವಿನೋದದ ವಿವರಣೆಯಿದೆ. ಅರಮನೆಯ ವಿನೋದ ಮುಗಿದುಹೋಯಿತು. ಹಳ್ಳಿಯ ಪರಿಚಯ ಉಳಿಯಿತು. ಕೃಷ್ಣೆಯ ದಡದಲ್ಲಿ ಗರುಡ ಕಂಡರೆ ಹಿರಿಯರು ಇಂದಿಗೂ ಕೈಮುಗಿಯುತ್ತಾರೆ. ಹೆಂಗಸರು ಅಂಗಳದ ಕೋಳಿಮರಿಗಳನ್ನು ಗಿಡುಗನಿಂದ ಕಾಯುತ್ತಾರೆ. ನಸುಕಿನಲ್ಲಿ ಬರುವ ಬುಡಬುಡಿಕೆಯವರು ಹಾಲಕ್ಕಿಯ ಹೆಸರಿನಲ್ಲಿ ಶಕುನ ನುಡಿಯುತ್ತಾರೆ. ಆ ಹಾಲಕ್ಕಿ ಹುಣಸೆಮರದ ಪೊಟರೆಯಲ್ಲಿ ವಾಸಿಸುವ ಒಂದು ಪುಟ್ಟ ಗೂಬೆ. ಪೂಜೆ, ಭಯ, ಶಕುನ – ಈ ಮೂರರಲ್ಲಿ ಯಾವುದಕ್ಕಾದರೂ ಸೇರಿದ ಹಕ್ಕಿಗೆ ನಮ್ಮಲ್ಲಿ ಹೆಸರಿದೆ. ಮೂರಕ್ಕೂ ಸೇರದೆ ಹೊಲದ ಮೇಲೆ ಸುಮ್ಮನೆ ಕೆಲಸ ಮಾಡಿಕೊಂಡು ಹೋಗುವ ಹಕ್ಕಿಗೆ ಬೇರೆ ಹೆಸರಿಲ್ಲ, ಅದೂ ಗಿಡುಗವೇ. ನಾನಿಂದು ಮುಖ್ಯವಾಗಿ ಹೇಳಬೇಕೆಂದಿರುವುದು ಅಂಥ ಒಂದು ಹಕ್ಕಿಯ ಕುರಿತು.

ಬಯಲಿನಲ್ಲಿ ಬೇಟೆಹಕ್ಕಿಯ ಭೇಟಿಗೆ ದುರ್ಬೀನು ಹಿಡಿದು ಅಲೆಯಬೇಕಾಗಿಲ್ಲ. ಕಬ್ಬು ಕಡಿಯುವ ಗ್ಯಾಂಗಿನವರು ಹೊಲದ ಕೊನೆಯ ಸಾಲುಗಳಿಗೆ ಬಂದಾಗ ಆಕಾಶ ನೋಡಿರಿ: ನೆಲೆ ತಪ್ಪಿದ ಇಲಿಗಳಿಗಾಗಿ ಹದ್ದುಗಳು ಸುತ್ತುತ್ತಿರುತ್ತವೆ. ರವದಿಗೆ ಬೆಂಕಿಯಿಟ್ಟ ದಿನ ಹೊಗೆಯ ಅಂಚಿನಲ್ಲಿ ಅವೇ ಹದ್ದುಗಳು. ರಸ್ತೆಬದಿಯ ವಿದ್ಯುತ್ ತಂತಿಯ ಮೇಲೆ ಬೆಳ್ಳಗೆ, ಹೆಗಲಿಗೆ ಕಪ್ಪು ಬಳಿದಂತೆ, ಕೆಂಪು ಕಣ್ಣಿನ ರಾಮದಾಸ ಹದ್ದು ಕುಳಿತಿರುತ್ತದೆ. ಅದು ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ಕೆಳಗೆ ನೋಡಿ ಇಲಿಯ ಮೇಲೆ ಇಳಿಯುತ್ತದೆ. ಮಡ್ಡಿಯ ಮೇಲೆ ಹಾವು ಹಿಡಿಯುವ ದೊಡ್ಡ ಗಿಡುಗ ಕಾಣಸಿಗುತ್ತದೆ. ಪಾಳುಬಿದ್ದ ವಾಡೆಯಲ್ಲಿ, ಹಳೆಯ ಬಾವಿಯ ಗೋಡೆಯ ಸಂದಿನಲ್ಲಿ ಕಣಜಗೂಬೆ ಮರಿಮಾಡುತ್ತದೆ. ಅದು ಉಗುಳಿದ ಉಂಡೆಯನ್ನು ಬಿಡಿಸಿ ನೋಡಿದರೆ ಇಲಿಯ ತಲೆಬುರುಡೆಗಳು ಸಿಗುತ್ತವೆ. ಕೃಷಿ ವಿಜ್ಞಾನದ ಪಾಠಕ್ಕೆ ಅದಕ್ಕಿಂತ ಸುಲಭವಾದ ಉಪಕರಣವಿಲ್ಲ.

ಇವೆಲ್ಲ ನಮ್ಮ ಊರಿನ ನಿವಾಸಿಗಳು. ಇನ್ನೊಬ್ಬ ಅತಿಥಿಯಿದ್ದಾನೆ. ಪಕ್ಷಿಪುಸ್ತಕಗಳು ಅವನನ್ನು 'ಸೆಳೆವ' ಎಂದು ಕರೆಯುತ್ತವೆ. ನವರಾತ್ರಿಯ ಆಸುಪಾಸಿನಲ್ಲಿ ಬಂದು ಯುಗಾದಿಯ ಹೊತ್ತಿಗೆ ಹಿಂದಿರುಗುವ ವಲಸಿಗ. ಮಧ್ಯ ಏಷ್ಯಾದ ಕಝಾಕಸ್ತಾನದಂಥ ವಿಶಾಲ ಹುಲ್ಲುಬಯಲುಗಳಲ್ಲಿ ಮರಿಮಾಡುವ ಸೆಳೆವಗಳು ದಖ್ಖನ್ನಿನ ಕರಿಮಣ್ಣಿನ ಬಯಲಿನಲ್ಲಿ ಚಳಿಗಾಲ ಕಳೆಯುತ್ತವೆ. ಮಾಂಟೆಗು ಸೆಳೆವದ ಗಂಡು ಬೂದುಬಣ್ಣದ್ದು, ರೆಕ್ಕೆಯ ತುದಿ ಕಪ್ಪು. ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿಯ ಪಟ್ಟಿ. ಕಡಲೆ, ಕುಸುಬೆ, ಎಳೆಯ ಹಿಂಗಾರಿ ಜೋಳದ ಮೇಲೆ ಆಳೆತ್ತರದಲ್ಲಿ ತೇಲುತ್ತ, ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು, ಹೊಲದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಮರಳುತ್ತದೆ. ಕುಂಟೆ ಹೊಡೆಯುವವನಂತೆ ಸಾಲು ಬಿಡದೆ ಹುಡುಕುತ್ತದೆ. ಗೂಬೆಗಿರುವಂತೆ ಅದಕ್ಕೂ ಮುಖದ ಸುತ್ತ ಗರಿಗಳ ವರ್ತುಲವಿದ್ದು, ಹುಲ್ಲಿನೊಳಗಿನ ಸರಸರ ಸದ್ದನ್ನು ಕಿವಿಗೆ ತಲುಪಿಸುತ್ತದೆ. ಮಿಡತೆ, ನೆಲಗುಬ್ಬಿ, ಓತಿಕ್ಯಾತ, ಇಲಿ ಅದರ ಆಹಾರ.

ಇತರ ಗಿಡುಗಗಳಿಂದ ಸೆಳೆವವನ್ನು ಬೇರ್ಪಡಿಸುವ ಗುಣ ಒಂದಿದೆ. ಸಂಜೆಯಾದಾಗ ಅದು ಮರ ಏರುವುದಿಲ್ಲ. ಸುತ್ತಲಿನ ಹಲವು ಹೊಲಗಳಲ್ಲಿ ಹಗಲು ಬೇಟೆಯಾಡಿದ ಸೆಳೆವಗಳು ಒಂದು ಹುಲ್ಲುಗಾವಲಿಗೆ ಬಂದು, ಹೊತ್ತು ಮುಳುಗುವಾಗ ಸ್ವಲ್ಪ ಕಾಲ ಸುತ್ತಾಡಿ, ಮೊಣಕಾಲೆತ್ತರದ ಹುಲ್ಲಿನೊಳಗೆ ಒಂದೊಂದಾಗಿ ಇಳಿದು, ನೆಲದ ಮೇಲೆಯೇ ರಾತ್ರಿ ಕಳೆಯುತ್ತವೆ. ಆದ್ದರಿಂದ ಈ ಹಕ್ಕಿಗೆ ಎರಡು ನೆಲ ಬೇಕು. ಒಂದು ಉಣ್ಣಲು, ಇನ್ನೊಂದು ಮಲಗಲು. ಎರಡರಲ್ಲಿ ಒಂದು ತಪ್ಪಿದರೂ ಅತಿಥಿ ಮರಳಿ ಬರುವುದಿಲ್ಲ.

ಮೊದಲು ಉಣ್ಣುವ ನೆಲದ ವಿಚಾರ. ನೀರಾವರಿ ಬಂದಂತೆ ಕಡಲೆ, ಕುಸುಬೆ, ಜೋಳದ ಹೊಲಗಳು ಕಬ್ಬಿಗೆ ತಿರುಗಿವೆ. ಇದಕ್ಕಾಗಿ ರೈತನನ್ನು ದೂರುವುದು ಅನ್ಯಾಯ. ಮಳೆ ನಂಬಿ ಕೆಟ್ಟವನು ಕಾರ್ಖಾನೆಯ ಬಿಲ್ಲನ್ನು ನಂಬಿದ್ದಾನೆ, ಆ ಬಿಲ್ಲಿಗೂ ತಿಂಗಳುಗಟ್ಟಲೆ ಕಾಯುತ್ತಾನೆ. ಆದರೆ ಆಳೆತ್ತರ ಮೀರಿ ಒತ್ತಾಗಿ ನಿಂತ ಕಬ್ಬಿನೊಳಗೆ ಸೆಳೆವದ ಕಣ್ಣು ಇಳಿಯಲಾರದು. ಅಲ್ಲಿ ಇಲಿ ಹೆಚ್ಚುತ್ತದೆ, ಇಲಿಗಾಗಿ ವಿಷ ಬರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೊಮಾಡಿಯೊಲೋನ್‌ನಂಥ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ತೂಕಡಿಸುತ್ತ ಹೊರಗೆ ಅಲೆಯುತ್ತದೆ. ಗೂಬೆಗೂ ಹದ್ದಿಗೂ ಅದು ಬಲು ಸುಲಭದ ತುತ್ತು. ಇಲಿಗೆ ಇಟ್ಟ ವಿಷ ಹೀಗೆ ಇಲಿಯ ಶತ್ರುವಿಗೆ ಮುಟ್ಟುತ್ತದೆ.

ಹೊಲದ ವಿಷ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅರ್ಜೆಂಟೀನಾದ ನಿದರ್ಶನವಿದೆ. ಉತ್ತರ ಅಮೆರಿಕದಲ್ಲಿ ಮರಿಮಾಡಿ, ಅರ್ಜೆಂಟೀನಾದ ಹೊಲಗಳಿಗೆ ವಲಸೆ ಹೋಗಿ ಮಿಡತೆ ತಿನ್ನುವ ಸ್ವೇನ್‌ಸನ್ ಗಿಡುಗಗಳು 1995–96ರಲ್ಲಿ ಸಾವಿರಗಟ್ಟಲೆ ಸತ್ತುಬಿದ್ದವು. ಮಿಡತೆಯ ಹಾವಳಿಗೆಂದು ಸಿಂಪಡಿಸಿದ ಮೊನೊಕ್ರೊಟೊಫಾಸ್ ಅದಕ್ಕೆ ಕಾರಣ. ಅಲ್ಲಿ ಆ ಔಷಧಿಯ ಬಳಕೆಯನ್ನು ನಿಲ್ಲಿಸಿದ ಮೇಲೆ ಸಾಮೂಹಿಕ ಸಾವುಗಳು ನಿಂತವು. ನಮ್ಮ ದೇಶದಲ್ಲಿ ಅದನ್ನು 2005ರಲ್ಲಿ ತರಕಾರಿಗಳ ಮೇಲೆ ನಿಷೇಧಿಸಲಾಯಿತು. ಅತಿ ಹೆಚ್ಚು ಬಳಕೆಯಲ್ಲಿದ್ದ ಶೇಕಡಾ 36ರ ದ್ರಾವಣವನ್ನು ಹಿಂತೆಗೆದುಕೊಳ್ಳುವ ಆದೇಶ ಹೊರಬಿದ್ದದ್ದು 2023ರಲ್ಲಿ. ಕಬ್ಬಿನ ಹೊಲಗಳಿಗೆ ಚಿರಪರಿಚಿತವಾಗಿದ್ದ ಫೊರೇಟ್ ಹರಳು 2020ರ ಡಿಸೆಂಬರ್ 31ರಿಂದ ನಿಷೇಧಗೊಂಡಿದೆ. ಆದೇಶ ಹೊರಬೀಳುವುದಕ್ಕೂ ಅಂಗಡಿಯ ಕಪಾಟು ಖಾಲಿಯಾಗುವುದಕ್ಕೂ ನಡುವೆ ಎಷ್ಟು ಕಾಲ ಬೇಕು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ತಡವಾದರೆ ಏನಾಗುತ್ತದೆ ಎಂಬುದನ್ನು ರಣಹದ್ದು ನಮಗೆ ಕಲಿಸಿದೆ. ದನಗಳ ನೋವಿಗೆ ಕೊಡುತ್ತಿದ್ದ ಡಿಕ್ಲೋಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸುತ್ತದೆ ಎಂಬುದು 2004ರಲ್ಲಿ ಸಿದ್ಧವಾಯಿತು. ಪಶುವೈದ್ಯಕೀಯದಲ್ಲಿ ಅದರ ಬಳಕೆಯನ್ನು 2006ರಲ್ಲಿ ಭಾರತ ನಿಷೇಧಿಸಿತು. ಅಷ್ಟರಲ್ಲಿ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ ಒಂದು ಮಾತ್ರ ಉಳಿದಿತ್ತು. ರಣಹದ್ದುಗಳು ಇಲ್ಲವಾದ ಜಿಲ್ಲೆಗಳಲ್ಲಿ 2000ದಿಂದ 2005ರವರೆಗೆ ಸುಮಾರು ಐದು ಲಕ್ಷ ಹೆಚ್ಚುವರಿ ಮಾನವ ಸಾವುಗಳು ಸಂಭವಿಸಿದವೆಂದು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರದ ಅಧ್ಯಯನವೊಂದು ಅಂದಾಜಿಸಿದೆ. ಕೊಳೆಯುವ ಹೆಣ, ಕೆಟ್ಟ ನೀರು, ಹೆಚ್ಚಿದ ನಾಯಿಗಳು ಅದಕ್ಕೆ ಕಾರಣವೆಂದು ಅದು ಹೇಳುತ್ತದೆ. ಕರ್ನಾಟಕ 2012ರಲ್ಲಿ ರಾಮನಗರದ ರಾಮದೇವರಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಿತು. ಉಳಿದ ಕೆಲವಕ್ಕೆ ಒಂದು ಬೆಟ್ಟ ಸಿಕ್ಕಿತು.

ಈಗ ಮಲಗುವ ನೆಲಕ್ಕೆ ಬರುತ್ತೇನೆ. ಇಲ್ಲಿ ನಿಮ್ಮೊಡನೆ ಸ್ವಲ್ಪ ಜಗಳವೂ ಇದೆ. ಸೆಳೆವ ಮಲಗುವ ನೆಲಕ್ಕೆ ನಮ್ಮ ಕಡೆಯ ಹೆಸರು ಗಾಯರಾಣ. ದನ, ಕುರಿ ಮೇಯುವ ಊರೊಟ್ಟಿನ ಹುಲ್ಲುಗಾವಲು. ಸರ್ಕಾರಿ ಭೂಪಟಗಳಲ್ಲಿ ಇಂಥ ಹುಲ್ಲುನೆಲಕ್ಕೆ ಅಂಟುವ ಹೆಸರು ಪಾಳುಭೂಮಿ. ಪಾಳು ಎಂದು ಬರೆದ ಮೇಲೆ ಅದನ್ನು ಯಾರಿಗೆ ಬೇಕಾದರೂ ಕೊಡಬಹುದು: ಕಟ್ಟಡಕ್ಕೆ, ಸೌರಫಲಕಕ್ಕೆ, ಕಲ್ಲುಗಣಿಗೆ. ಇದನ್ನು ನೀವೂ ವಿರೋಧಿಸುತ್ತೀರಿ. ಆದರೆ ವನಮಹೋತ್ಸವದ ದಿನ ಶಾಲಾಮಕ್ಕಳೊಡನೆ ಅದೇ ಗಾಯರಾಣದಲ್ಲಿ ಗುಂಡಿ ತೋಡಿ ಸಸಿ ನೆಟ್ಟಾಗ, ಅದನ್ನು ಪರಿಸರ ಸೇವೆಯೆಂದು ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮರ ಬೆಳೆದ ನೆಲಕ್ಕೆ ಸೆಳೆವ ಇಳಿಯುವುದಿಲ್ಲ. ಹುಲ್ಲು ಕಾಡಾಗಲು ಕಾಯುತ್ತಿರುವ ಬರಿನೆಲವಲ್ಲ. ಅದು ತನ್ನಷ್ಟಕ್ಕೆ ಪೂರ್ಣವಾದ ಒಂದು ಜೀವಲೋಕ.

ಇದು ಚಳವಳಿಗೆ ಹೊಸ ಮಾತೂ ಅಲ್ಲ. 1984ರಲ್ಲಿ ಅಂದಿನ ಧಾರವಾಡ ಜಿಲ್ಲೆಯೂ ಸೇರಿದಂತೆ ಹಲವೆಡೆ ಹಳ್ಳಿಗರ ಸಾಮೂಹಿಕ ಭೂಮಿಯನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್‌ಗೆ ಕೊಡಲು ಹೊರಟಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿ ಕಿತ್ತು ತಮಗೆ ಉಪಯುಕ್ತವಾದ ಗಿಡ ಹಚ್ಚಿದರು. 1991ರಲ್ಲಿ ಆ ಕಂಪನಿಯೇ ಮುಚ್ಚಿತು. ಹಸಿರು ಕಂಡದ್ದೆಲ್ಲ ಹಿತವಲ್ಲ, ಊರೊಟ್ಟಿನ ನೆಲ ಯಾರದೆಂದು ಮೊದಲು ಕೇಳಬೇಕು ಎಂಬ ಪಾಠವನ್ನು ಆ ಹೋರಾಟ ನಾಡಿಗೆ ಕೊಟ್ಟಿತು. ಆ ನೆಲದ ಪಾಲುದಾರರ ಪಟ್ಟಿಯಲ್ಲಿ ದನಗಾಹಿ, ಕುರಿಗಾರರ ಜೊತೆ ಸೆಳೆವದ ಹೆಸರನ್ನೂ ಬರೆಯಿರಿ ಎಂಬುದಷ್ಟೇ ನನ್ನ ಸೇರ್ಪಡೆ.

ಗುಜರಾತಿನ ವೆಳಾವದರದ ಹುಲ್ಲುಗಾವಲು ಸೆಳೆವಗಳ ರಾತ್ರಿ ತಂಗುದಾಣಗಳಲ್ಲಿ ಜಗತ್ತಿನಲ್ಲೇ ಅತಿ ದೊಡ್ಡವುಗಳ ಸಾಲಿಗೆ ಸೇರಿದೆ. ಅದು ರಾಷ್ಟ್ರೀಯ ಉದ್ಯಾನವಾದ್ದರಿಂದ ಉಳಿದಿದೆ. ಬೆಂಗಳೂರಿನ ಬಳಿಯ ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2022ರಲ್ಲಿ ಒಪ್ಪಿತು. ಆದರೆ ದೇಶದ ತಂಗುದಾಣಗಳಲ್ಲಿ ಸುಮಾರು ಮೂವತ್ತು ವರ್ಷ ನಡೆದ ಎಣಿಕೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಸೆಳೆವಗಳ ಸಂಖ್ಯೆ ಇಳಿಮುಖವಾಗಿರುವುದನ್ನು ತೋರಿಸಿದೆ. ನಮ್ಮ ಐದು ತಾಲ್ಲೂಕುಗಳ ಗಾಯರಾಣಗಳಿಗೆ ಉದ್ಯಾನವೆಂಬ ಬೇಲಿಯೂ ಇಲ್ಲ, ಮೀಸಲೆಂಬ ಫಲಕವೂ ಇಲ್ಲ. ಅವನ್ನು ಕಾಯಬಲ್ಲುದು ಗ್ರಾಮಸಭೆ ಮಾತ್ರ. ಗ್ರಾಮದ ಸಾಮೂಹಿಕ ಭೂಮಿಯ ಒತ್ತುವರಿ ತೆರವುಗೊಳಿಸಿ ಊರಿಗೆ ಮರಳಿಸಬೇಕೆಂದು 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿದೆ. ಆ ತೀರ್ಪು ನಮ್ಮ ಕೈಯಲ್ಲಿರುವ ಬಲವಾದ ಕೋಲು.

ಕೊನೆಯಲ್ಲಿ ಮಾಡಬಹುದಾದ ಕೆಲಸಗಳನ್ನಷ್ಟು ಹೇಳಿ ಮುಗಿಸುತ್ತೇನೆ. ಒಂದು: ನಿಮ್ಮ ಬಳಗ ಬಯಲಿನಲ್ಲಿ ಸಸಿ ನೆಡುವ ಮುನ್ನ ಅದು ಹುಲ್ಲುಗಾವಲೇ ಎಂದು ವಿಚಾರಿಸಲಿ, ಮರಗಳಿಗೆ ಹೊಲದ ಬದು, ರಸ್ತೆಯ ಬದಿ, ಶಾಲೆಯ ಅಂಗಳವಿದೆ. ಎರಡು: ಚಳಿಗಾಲ ಮುಗಿಯುವವರೆಗೆ ಗಾಯರಾಣದ ಹುಲ್ಲಿಗೆ ಬೆಂಕಿ ಬೀಳದಂತೆ ನೋಡಿಕೊಳ್ಳೋಣ. ಮೂರು: ಇಲಿಗೆ ವಿಷ ಇಡುವ ಮುನ್ನ ಗೂಬೆಗೆ ಗೂಡು ಇಡೋಣ. ಇಸ್ರೇಲಿನ ರೈತರು 1980ರ ದಶಕದಿಂದ ಹೊಲಗಳಲ್ಲಿ ಕಣಜಗೂಬೆಗಳಿಗೆ ಮರದ ಪೆಟ್ಟಿಗೆಗಳನ್ನಿಟ್ಟು ಇಲಿಗಳನ್ನು ಹತೋಟಿಯಲ್ಲಿಡುತ್ತಿದ್ದಾರೆ. ನಮ್ಮ ಬಡಗಿಗಳಿಗೆ ಅದು ಅರ್ಧ ದಿನದ ಕೆಲಸ.

ನಾಲ್ಕನೆಯದು ಎಣಿಕೆ. ಎಳ್ಳ ಅಮಾವಾಸ್ಯೆಯಂದು ನಮ್ಮ ಸೀಮೆಯ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಅಲ್ಲೇ ಉಂಡು ಬರುತ್ತಾರೆ. ವರ್ಷದಲ್ಲಿ ಇಡೀ ಊರು ಬಯಲಿನಲ್ಲಿರುವ ದಿನ ಅದು. ಸೆಳೆವಗಳು ನಮ್ಮಲ್ಲಿರುವ ಕಾಲವೂ ಹೌದು. ಆ ಸಂಜೆ ಪ್ರತಿ ಊರಿನ ನಾಲ್ಕಾರು ಹುಡುಗರು, ಹುಡುಗಿಯರು ಗಾಯರಾಣದ ಅಂಚಿನಲ್ಲಿ ಸದ್ದಿಲ್ಲದೆ ಕುಳಿತು, ಹುಲ್ಲಿಗಿಳಿಯುವ ಹಕ್ಕಿಗಳನ್ನು ಎಣಿಸಿ ದಿನಾಂಕದೊಡನೆ ಒಂದು ವಹಿಯಲ್ಲಿ ಬರೆದಿಡಲಿ. ಸೊನ್ನೆ ಬಂದರೆ ಸೊನ್ನೆಯೆಂದೇ ಬರೆಯಲಿ. ಗಾಯರಾಣವನ್ನು ಪಾಳುಭೂಮಿಯೆಂದು ಬರೆದ ಕಾಗದ ಗ್ರಾಮಸಭೆಯ ಮುಂದೆ ಬಂದ ದಿನ, ಅದರ ಎದುರಿಗಿಡಲು ಆ ವಹಿ ನಮ್ಮಲ್ಲಿರಬೇಕು.