ನಮ್ಮ ಮಾತು ನಾವೇ ಬರೆದಿಡೋಣ

(ಉಜಿರೆಯಲ್ಲಿ ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಉಪನ್ಯಾಸ)



ವರದಕ್ಷಿಣೆ, ಹೊಡೆತ ಬಡಿತ, ಜೀವನಾಂಶ ಇವುಗಳ ಬಗ್ಗೆ ನಾವು ಸೇರಿದಾಗಲೆಲ್ಲ ಮಾತಾಡಿದ್ದೇವೆ. ಇವತ್ತಿನ ವಿಷಯ ವೀಲುನಾಮೆ. ಉಯಿಲು, ಮರಣಶಾಸನ ಎಂದೂ ಕರೆಯುತ್ತಾರೆ. ಈ ಹೆಸರು ಹೇಳಿದ ಕೂಡಲೇ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಬರುತ್ತವೆ. ಒಂದು, "ಸಾಯುವ ಮಾತು ಈಗ ಯಾಕೆ?" ಇನ್ನೊಂದು, "ಅದೆಲ್ಲ ತೋಟ ಇದ್ದವರಿಗೆ, ನಮ್ಮ ಹತ್ತಿರ ಏನಿದೆ?"

ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಏನಿದೆ ಎಂದು ನಾವು ಯಾವತ್ತಾದರೂ ಕುಳಿತು ಲೆಕ್ಕ ಹಾಕಿದ್ದೇವೆಯೇ? ಮೈಮೇಲಿನ ಚಿನ್ನ ಇದೆ. ಗುಂಪಿನ ಉಳಿತಾಯ ಇದೆ. ಬೀಡಿ ಕಟ್ಟಿದವರಿಗೆ ಭವಿಷ್ಯನಿಧಿ ಇದೆ. ಹಾಲಿನ ಸೊಸೈಟಿಯ ಷೇರು, ಬ್ಯಾಂಕಿನ ಠೇವಣಿ, ಕೆಲವರಿಗೆ ಹಕ್ಕುಪತ್ರ ಆದ ಐದು ಸೆಂಟ್ಸ್ ಜಾಗ, ಅದರಲ್ಲೊಂದು ಮನೆ. ಇವೆಲ್ಲ ಆಸ್ತಿಯೇ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೇ ಕಲಂ ಪ್ರಕಾರ ಹೆಣ್ಣಿನ ಕೈಯಲ್ಲಿರುವ ಆಸ್ತಿಗೆ ಅವಳೇ ಪೂರ್ಣ ಒಡತಿ. ಮದುವೆಯಲ್ಲಿ ಬಂದ ಸ್ತ್ರೀಧನ ಗಂಡನ ಮನೆಯ ಕಪಾಟಿನಲ್ಲಿದ್ದರೂ ಅದು ಅವಳದೇ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ.

ತವರಿನ ಪಾಲನ್ನೂ ಲೆಕ್ಕಕ್ಕೆ ಸೇರಿಸಿ. ಪಿತ್ರಾರ್ಜಿತದಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ಆ ಹಕ್ಕು ಕೊಟ್ಟಿತು. ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು.

ಬರೆಯದಿದ್ದರೆ ಏನಾಗುತ್ತದೆ?

ಇನ್ನು ಮೊದಲ ಪ್ರಶ್ನೆ, ಈಗಲೇ ಯಾಕೆ? ನಾವು ಬರೆಯದೆ ಹೋದರೆ ನಮ್ಮ ಪರವಾಗಿ ಕಾನೂನು ಬರೆಯುತ್ತದೆ. ಅದು ಬರೆಯುವುದು ನಮಗೆ ಒಪ್ಪಿಗೆಯಾಗುವಂಥದೇ ಎಂಬ ಖಾತ್ರಿ ಇಲ್ಲ.

ವೀಲುನಾಮೆ ಇಲ್ಲದೆ ತೀರಿಕೊಂಡ ಹಿಂದೂ ಹೆಂಗಸಿನ ಆಸ್ತಿ ಕಲಂ 15ರ ಪ್ರಕಾರ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ ಸಮನಾಗಿ ಹೋಗುತ್ತದೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಅವರೂ ಇಲ್ಲದಿದ್ದರೆ ಮಾತ್ರ ಅವಳ ತಾಯಿತಂದೆಗೆ. ತಾಯಿತಂದೆಯರಿಂದ ವಾರಸಾಗಿ ಬಂದ ಆಸ್ತಿ ಮಾತ್ರ, ಮಕ್ಕಳಿಲ್ಲದಿದ್ದರೆ, ತಂದೆಯ ವಾರಸುದಾರರಿಗೆ ಹಿಂದಿರುಗುತ್ತದೆ. ಹೊಡೆದು ಹೊರಹಾಕಿದ ಗಂಡ, ಹತ್ತು ವರ್ಷದಿಂದ ಮುಖ ತೋರಿಸದ ಗಂಡ, ವಿಚ್ಛೇದನ ಆಗದಿದ್ದರೆ ಅವನೂ ಪಾಲುದಾರನೇ. ಅವಳನ್ನು ಕೊಂದವನಿಗೆ, ಕೊಲೆಗೆ ಕುಮ್ಮಕ್ಕು ಕೊಟ್ಟವನಿಗೆ ಮಾತ್ರ ಕಾನೂನು ಪಾಲು ತಪ್ಪಿಸುತ್ತದೆ. ಹಿಂಸಿಸಿದವನಿಗೆ ತಪ್ಪಿಸುವುದಿಲ್ಲ.

ನಾರಾಯಣಿ ದೇವಿ ಎಂಬವರ ಪ್ರಕರಣ ಕೇಳಿ. 1955ರಲ್ಲಿ ಮದುವೆ, ಮೂರು ತಿಂಗಳಲ್ಲಿ ಗಂಡ ತೀರಿಹೋದ. ಅತ್ತೆಮನೆಯವರು ಹೊರಹಾಕಿದರು. ತವರಿನವರು ಓದಿಸಿದರು, ಆಕೆ ಕೆಲಸಕ್ಕೆ ಸೇರಿ ಸಂಪಾದಿಸಿದರು. 1996ರಲ್ಲಿ ತೀರಿಕೊಂಡಾಗ ಬ್ಯಾಂಕಿನಲ್ಲಿ ಹಣ, ಭವಿಷ್ಯನಿಧಿ ಎಲ್ಲ ಇತ್ತು, ವೀಲುನಾಮೆ ಇರಲಿಲ್ಲ. ಹೆತ್ತ ತಾಯಿ ಕೇಳಿದರು. ಗಂಡನ ಅಕ್ಕತಂಗಿಯರ ಮಕ್ಕಳೂ ಕೇಳಿದರು. 2009ರಲ್ಲಿ ಸುಪ್ರೀಂ ಕೋರ್ಟು, ಸಹಾನುಭೂತಿ ಬೇರೆ, ಕಾನೂನು ಬೇರೆ ಎಂದು ಗಂಡನ ಕಡೆಯವರಿಗೇ ಕೊಟ್ಟಿತು. ಒಂದು ಹಾಳೆ ಬರೆದಿದ್ದರೆ ಆ ದುಡಿಮೆ ತಾಯಿಗೆ ಸಿಗುತ್ತಿತ್ತು. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ 2025ರ ನವೆಂಬರಿನಲ್ಲಿ, ಹೆಂಗಸರು, ಮುಖ್ಯವಾಗಿ ಹಿಂದೂ ಹೆಂಗಸರು, ಕೂಡಲೇ ವೀಲುನಾಮೆ ಮಾಡಿಕೊಳ್ಳಬೇಕೆಂದು ಮನವಿ ಮಾಡಿತು. ಕಾರಣ ಇದೇ ಕಲಂ 15.

ನಮ್ಮ ತುಳುನಾಡಿನಲ್ಲಿ ಇನ್ನೊಂದು ವಿಶೇಷ ಇದೆ. ಬಂಟರು, ಬಿಲ್ಲವರು ಮೊದಲಾದ ಅಳಿಯಸಂತಾನದ ಕುಟುಂಬಗಳಿಗೆ ಅದೇ ಕಾಯಿದೆಯ 17ನೇ ಕಲಂ ಬೇರೆ ಕ್ರಮ ಹೇಳುತ್ತದೆ. ಅಲ್ಲಿ ಮೊದಲು ಮಕ್ಕಳು ಮತ್ತು ತಾಯಿ. ನಂತರ ತಂದೆ ಮತ್ತು ಗಂಡ. ಆಮೇಲೆ ತಾಯಿಯ ವಾರಸುದಾರರು, ತಂದೆಯ ವಾರಸುದಾರರು. ಗಂಡನ ವಾರಸುದಾರರು ಕಟ್ಟಕಡೆಗೆ. ಅಂದರೆ ಒಂದೇ ಚಾಪೆಯಲ್ಲಿ ಕುಳಿತ ಇಬ್ಬರು ಸದಸ್ಯೆಯರ ಉಳಿತಾಯ ಎರಡು ದಾರಿ ಹಿಡಿಯುತ್ತದೆ. ಆದರೂ ಅಳಿಯಸಂತಾನದವರು ನಿಶ್ಚಿಂತೆಯಿಂದ ಇರಬೇಕಾಗಿಲ್ಲ. ಕುಟುಂಬದಲ್ಲಿ, ಕವರಿನಲ್ಲಿ ತನಗಿರುವ ಹಕ್ಕನ್ನೂ ವೀಲುನಾಮೆಯಿಂದ ಕೊಡಬಹುದೆಂದು 30ನೇ ಕಲಂ ಹೇಳುತ್ತದೆ. ಹಾಗೆ ಬರೆದಿಡುವವರು ಹೆಚ್ಚಾಗಿ ಗಂಡಸರು, ನಾವಲ್ಲ.

ಮುಸ್ಲಿಂ ಸೋದರಿಯರು ತಮ್ಮ ಆಸ್ತಿಯ ಮೂರನೇ ಒಂದು ಪಾಲನ್ನು ವಾರಸುದಾರರಲ್ಲದವರಿಗೆ ಬರೆಯಬಹುದು. ಅದಕ್ಕಿಂತ ಹೆಚ್ಚಿಗೆ, ಸುನ್ನಿಗಳಲ್ಲಿ ವಾರಸುದಾರರೊಬ್ಬರಿಗೇ ಬರೆಯುವುದಕ್ಕೂ, ಉಳಿದ ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತ ಸೋದರಿಯರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಅವರು ಒಂದು ವಿಷಯ ನೆನಪಿಡಬೇಕು: ಮದುವೆಗೆ ಮೊದಲು ಬರೆದ ವೀಲುನಾಮೆ ಮದುವೆಯೊಂದಿಗೆ ರದ್ದಾಗುತ್ತದೆ.

ಎಲ್ಲಿಂದ ಶುರು ಮಾಡುವುದು?

ಪಟ್ಟಿಯಿಂದ. ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿ ಮಾಡಿ ಸಹಿ ಹಾಕಿಡಬೇಕೆಂದು 1985ರ ನಿಯಮವೇ ಇದೆ. ಯಾರ ಮದುವೆಯಲ್ಲಿ ಮಾಡುತ್ತಾರೆ? ಮಗಳ ಮದುವೆ ಮಾಡುವವರು ಇದನ್ನು ಬಿಡಬೇಡಿ. ವರದಕ್ಷಿಣೆ ನಿಷೇಧ ಕಾಯಿದೆಯ 6ನೇ ಕಲಂ ಪ್ರಕಾರ, ಬೇರೆಯವರು ಪಡೆದ ವರದಕ್ಷಿಣೆಯನ್ನು ಮೂರು ತಿಂಗಳೊಳಗೆ ಹೆಣ್ಣಿಗೇ ಒಪ್ಪಿಸಬೇಕು. ಮದುವೆಯಾಗಿ ಏಳು ವರ್ಷದೊಳಗೆ ಅವಳು ಅಸಹಜವಾಗಿ ಸತ್ತರೆ ಅದು ಮಕ್ಕಳಿಗೆ, ಮಕ್ಕಳಿಲ್ಲದಿದ್ದರೆ ಅವಳ ತಾಯಿತಂದೆಗೆ ಸೇರಬೇಕು. ಪಟ್ಟಿ ಇಲ್ಲದೆ ಅದನ್ನು ರುಜುವಾತು ಮಾಡುವುದು ಹೇಗೆ?

ಚಿನ್ನದ ತೂಕ, ಪಾಸ್‌ಬುಕ್ಕಿನ ನಂಬರು, ಜಾಗದ ಸರ್ವೆ ನಂಬರು, ಭವಿಷ್ಯನಿಧಿಯ ನಂಬರು ಬರೆಯಿರಿ. ಸಾಲವನ್ನೂ ಬರೆಯಿರಿ, ಏಕೆಂದರೆ ಸಾಲ ತೀರಿದ ಮೇಲೆ ಉಳಿದದ್ದೇ ಆಸ್ತಿ. ಪಹಣಿ ತೆಗೆಸಿ ಯಾರ ಹೆಸರಿದೆ ನೋಡಿ. ಕುಮ್ಕಿ ಜಾಗ ಸರಕಾರದ್ದು. ಅದನ್ನು ವೀಲುನಾಮೆಯಲ್ಲಿ ಬರೆದರೂ ಒಡೆತನ ಬರುವುದಿಲ್ಲ.

ನಾಮಿನಿ ಮಾಡಿದ್ದೇನೆ, ಸಾಕಲ್ಲ ಎನ್ನುತ್ತೀರಿ. ಬ್ಯಾಂಕಿನಲ್ಲಿ ನಾಮಿನಿ ಎಂದರೆ ಹಣ ಕೈಗೆ ತೆಗೆದುಕೊಳ್ಳುವವರು, ಒಡೆಯರಲ್ಲ. ಆ ಹಣಕ್ಕೆ ವಾರಸುದಾರರು ಹಕ್ಕು ಕೇಳಬಹುದು. ಆದ್ದರಿಂದ ನಾಮಿನಿಯೂ ಇರಲಿ, ವೀಲುನಾಮೆಯೂ ಇರಲಿ, ಎರಡರಲ್ಲೂ ಒಂದೇ ಹೆಸರಿರಲಿ.

ಬರೆಯುವ ಕ್ರಮ

ಹದಿನೆಂಟು ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರೂ ಬರೆಯಬಹುದು. ಗಂಡನ ಅನುಮತಿ ಬೇಡ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಕನ್ನಡದಲ್ಲೇ ಬರೆಯಿರಿ. ಹೆಸರು, ವಯಸ್ಸು, ವಿಳಾಸ, ತಾರೀಕು ಹಾಕಿ. "ಇದು ನನ್ನ ಕೊನೆಯ ವೀಲುನಾಮೆ, ಹಿಂದಿನವು ರದ್ದು" ಎಂದು ಬರೆಯಿರಿ. ಯಾವುದು ಯಾರಿಗೆ ಎಂದು ಒಂದೊಂದಾಗಿ ಹೇಳಿ. ಅವರು ನಿಮಗಿಂತ ಮೊದಲೇ ತೀರಿಕೊಂಡರೆ ಯಾರಿಗೆ ಎಂಬುದನ್ನೂ ಹೇಳಿ. ಇದನ್ನು ನಡೆಸಿಕೊಡಲು ನಂಬಿಕೆಯ ಒಬ್ಬರನ್ನು ನಿರ್ವಾಹಕರಾಗಿ ಹೆಸರಿಸಿ. ಮಕ್ಕಳು ಚಿಕ್ಕವರಿದ್ದು ಗಂಡ ಕುಡುಕನಾಗಿದ್ದರೆ ಇದು ಬಹಳ ಮುಖ್ಯ.

ಆಮೇಲೆ ಇಬ್ಬರು ಸಾಕ್ಷಿಗಳು. ನೀವು ಸಹಿ ಅಥವಾ ಹೆಬ್ಬೆಟ್ಟು ಹಾಕುವುದನ್ನು ಅವರು ನೋಡಬೇಕು, ನಿಮ್ಮ ಎದುರಿಗೇ ಅವರೂ ಸಹಿ ಹಾಕಬೇಕು. ಕಲಂ 63 ಕೇಳುವುದು ಇದನ್ನೇ. ಹೆಚ್ಚಿನ ವೀಲುನಾಮೆಗಳು ಬೀಳುವುದೂ ಇಲ್ಲಿಯೇ. ಆಸ್ತಿ ಪಡೆಯುವವರು ಸಾಕ್ಷಿ ಆಗುವುದು ಬೇಡ. ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ, ತಕರಾರು ಬಂದರೆ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ಹೆಬ್ಬೆಟ್ಟು ಹಾಕುವವರಿಗೆ ಪೂರ್ತಿ ಓದಿ ಹೇಳಿ, ಓದಿ ಹೇಳಿದ್ದೇವೆಂದು ಬರೆಯಿರಿ. ನೋಂದಣಿ ಕಡ್ಡಾಯವಲ್ಲ, ಆದರೆ ಬೆಳ್ತಂಗಡಿಯ ಉಪನೋಂದಣಿ ಕಚೇರಿಯಲ್ಲಿ ಮಾಡಿಸಿದರೆ ಕಾಗದ ಕಳೆದುಹೋಯಿತು, ಹರಿದುಹೋಯಿತು ಎನ್ನುವಂತಿಲ್ಲ.

ಎಚ್ಚರಿಕೆ

ವೀಲುನಾಮೆ ನಾವು ಸತ್ತ ಮೇಲಷ್ಟೇ ಜಾರಿಗೆ ಬರುತ್ತದೆ. ಬದುಕಿರುವತನಕ ಎಷ್ಟು ಸಲ ಬೇಕಾದರೂ ಬದಲಿಸಬಹುದು. ದಾನಪತ್ರ ಹಾಗಲ್ಲ, ಸಹಿ ಹಾಕಿ ನೋಂದಾಯಿಸಿದರೆ ಆಸ್ತಿ ಕೈಬಿಟ್ಟಂತೆ. ಹಕ್ಕು ಬಿಡುಗಡೆ ಪತ್ರವೂ ಹಾಗೆಯೇ. "ಇಲ್ಲೊಂದು ಸಹಿ ಹಾಕು ಅಕ್ಕಾ" ಎಂದು ಪ್ರೀತಿಯಿಂದ ಕರೆದುಕೊಂಡು ಹೋದಾಗ ಕಾಗದದ ಹೆಸರನ್ನು ಓದಿ ನೋಡಿ. ಓದಲು ಬರದಿದ್ದರೆ ಗುಂಪಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಆಸ್ತಿ ಪಡೆಯುವವರೇ ಮುಂದೆ ನಿಂತು ಬರೆಸಿದ ವೀಲುನಾಮೆಯನ್ನು ಕೋರ್ಟು ಸಂಶಯದಿಂದ ನೋಡುತ್ತದೆ. ಮೈಸೂರು ಸೀಮೆಯ ಲಕ್ಷ್ಮಮ್ಮ ಎಂಬವರ 1945ರ ವೀಲುನಾಮೆಯನ್ನು ಸುಪ್ರೀಂ ಕೋರ್ಟು 1958ರಲ್ಲಿ ಒಪ್ಪಲಿಲ್ಲ. ಇಂಥ ಸಂಶಯವನ್ನು ನಿವಾರಿಸುವ ಹೊಣೆ ವೀಲುನಾಮೆಯನ್ನು ಮುಂದಿಟ್ಟವರದೇ ಎಂದು ಅಲ್ಲಿ ಹೇಳಿದ ಮಾತು ಇಂದಿಗೂ ದೇಶದ ಕೋರ್ಟುಗಳಿಗೆ ಆಧಾರ.

ಇನ್ನೊಂದು ಮುಖವನ್ನೂ ಹೇಳಬೇಕು. ಹೆಣ್ಣುಮಕ್ಕಳನ್ನು ಹೊರಗಿಡುವುದಕ್ಕೂ ಇದೇ ಕಾಗದವನ್ನು ಬಳಸುತ್ತಾರೆ. ತಂದೆ ತನ್ನ ಸ್ವಯಾರ್ಜಿತವನ್ನೆಲ್ಲ ಗಂಡುಮಕ್ಕಳಿಗೆ ಬರೆದರೆ ಕಾನೂನು ತಡೆಯುವುದಿಲ್ಲ. ಪಿತ್ರಾರ್ಜಿತದಲ್ಲಿ ಮಾತ್ರ ತನ್ನ ಪಾಲನ್ನು ಬಿಟ್ಟು ಮಗಳ ಪಾಲನ್ನು ಬರೆಯುವ ಹಕ್ಕು ಅವನಿಗಿಲ್ಲ. ನಾವು ತಾಯಂದಿರು ಬರೆಯುವಾಗ ಏನು ಮಾಡುತ್ತೇವೆ? ಮಗಳಿಗೆ ಮದುವೆಯಲ್ಲಿ ಕೊಟ್ಟಾಯಿತು ಎಂದು ಎಲ್ಲವನ್ನೂ ಮಗನಿಗೇ ಬರೆದರೆ ವರದಕ್ಷಿಣೆಯನ್ನು ನಾವೇ ಪಾಲು ಎಂದು ಒಪ್ಪಿಕೊಂಡ ಹಾಗಾಯಿತು. ಕಷ್ಟದ ದಿನ ಮಗಳು ತಿರುಗಿ ಬಂದರೆ ನಿಲ್ಲಲು ಒಂದು ಕೋಣೆಯಾದರೂ ಅವಳ ಹೆಸರಿನಲ್ಲಿ ಇರಬೇಡವೇ?

ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನಬೇಡಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವು ಹಕ್ಕು. ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ಸಾಕು.

ಗುಂಪಿನಲ್ಲಿ ವಾರವಾರ ಉಳಿತಾಯದ ಲೆಕ್ಕ ಬರೆಯಲು ಕಲಿತವರು ನೀವು. ಆ ಹಣ ನಾಳೆ ಯಾರಿಗೆ ಸೇರಬೇಕೆಂಬುದನ್ನೂ ಬರೆಯಬಲ್ಲಿರಿ. ಮುಂದಿನ ವಾರದ ಸಭೆಗೆ ಪ್ರತಿಯೊಬ್ಬರೂ ತಮ್ಮ ಪಟ್ಟಿಯನ್ನು ತನ್ನಿ. ಬರೆಯಲು ಬಾರದವರಿಗೆ ಬರುವವರು ಬರೆದುಕೊಡಿ. ಅಲ್ಲಿಂದ ಮುಂದಿನದನ್ನು ಒಟ್ಟಿಗೆ ಕುಳಿತು ಮಾಡೋಣ.