ಅತಿವೃಷ್ಟಿಯೂ ಒಣನಾಡಿನ ಗಿಡಗಳೂ



ನೀರನ್ನು ಬೇಡದ ಗಿಡಗಳೆಂದು ಆರಿಸಿ ತಂದವುಗಳೇ ನೀರಿನಿಂದ ಸಾಯುವುದನ್ನು ತಮ್ಮಲ್ಲಿ ಅನೇಕರು ಕಂಡಿರಬಹುದು. ಅದರ ಕಾರಣವನ್ನೂ, ನಮ್ಮ ಕೈಲಾಗುವ ಪ್ರತೀಕಾರವನ್ನೂ ಕುರಿತು ಈ ಸಂಜೆ ನಾಲ್ಕು ಮಾತುಗಳನ್ನು ಅರಿಕೆಮಾಡಬೇಕೆಂದಿದ್ದೇವೆ.

2024ನೆಯ ಇಸವಿಯ ಬೇಸಗೆಯನ್ನು ಬೆಂಗಳೂರಿನವರು ಮರೆತಿರಲಾರರು. ಮಾರ್ಚಿ ತಿಂಗಳಲ್ಲಿ ಕುಡಿಯುವ ನೀರನ್ನು ಕೈದೋಟಗಳಿಗೆ ಹಾಯಿಸಕೂಡದೆಂದು ನಿಷೇಧವಾಯಿತು; ಮೀರಿದವರಿಗೆ 5,000 ರೂಪಾಯಿ ದಂಡವೆಂದೂ ಗೊತ್ತಾಯಿತು. ಗುಲಾಬಿಯೂ ಜರೀಗಿಡವೂ ಒಣಗಿದ ಎಡೆಯಲ್ಲಿ ಕಳ್ಳಿ, ಲೋಳೆಸರ, ಕತ್ತಾಳೆಯ ಜಾತಿಗಳು, ಅಡೀನಿಯಮ್ ಮುಂತಾದುವನ್ನು ತಂದಿಟ್ಟು, ಇನ್ನು ನಿಶ್ಚಿಂತೆಯೆಂದುಕೊಂಡವರುಂಟು. ಅದೇ ವರ್ಷ ಜೂನ್ 2ನೆಯ ತಾರೀಖು ಅದೇ ಊರಿನಲ್ಲಿ ಒಂದೇ ದಿನ 111 ಮಿಲಿಮೀಟರು ಮಳೆ ಬಿದ್ದಿತು. ಜೂನ್ ತಿಂಗಳ ಒಂದು ದಿನದ ಮಳೆಗೆ 1891ರಿಂದ ನಿಂತಿದ್ದ 101.6 ಮಿಲಿಮೀಟರಿನ ದಾಖಲೆಯೂ ಮುರಿಯಿತು. ಹತ್ತಡಿ ಉದ್ದ, ಹತ್ತಡಿ ಅಗಲದ ಮಾಳಿಗೆಯ ಮೇಲೆ ಅಂತಹ ಮಳೆಯಲ್ಲಿ ಸಾವಿರ ಲೀಟರಿಗೂ ಮೀರಿ ನೀರು ಬೀಳುವುದು. ಬಾಯಿ ಒಂದಡಿ ಅಗಲವಿರುವ ಒಂದು ಕುಂಡದೊಳಕ್ಕೆ ಸುಮಾರು ಎಂಟು ಲೀಟರು. ವಾರಕ್ಕೊಂದು ಲೋಟ ನೀರಿನಲ್ಲಿ ತೃಪ್ತಿಪಡುವ ಗಿಡಕ್ಕೆ ಇದು ಎಂತಹ ಔತಣವೆಂಬುದನ್ನು ತಾವೇ ಊಹಿಸಬಹುದು.

ಆದರೆ ಗಿಡವು ಕುಡಿದು ಸಾಯುವುದಿಲ್ಲ, ಉಸಿರುಕಟ್ಟಿ ಸಾಯುವುದು. ಈ ಮಾತನ್ನು ತಾವು ಮನಸ್ಸಿನಲ್ಲಿಟ್ಟುಕೊಂಡರೆ ಮಿಕ್ಕ ಉಪಾಯಗಳೆಲ್ಲವೂ ತಾವಾಗಿಯೇ ಹೊಳೆಯುವುವು. ಬೇರುಗಳಿಗೂ ಉಸಿರಾಟವುಂಟು. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿರುವ ಗಾಳಿಯಿಂದ ಅವು ಆಮ್ಲಜನಕವನ್ನು ಪಡೆಯುತ್ತವೆ. ಆ ಸಂದುಗಳಲ್ಲಿ ನೀರು ನಿಂತರೆ ಆಮ್ಲಜನಕದ ಸಂಚಾರವು ಗಾಳಿಯಲ್ಲಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಾಲು ನಿಧಾನವಾಗುವುದು. ಹೀಗೆ ಸೊರಗಿದ ಬೇರನ್ನು ಹುಡುಕಿಕೊಂಡು ಬರುವ ಕೊಳೆಯ ಜೀವಿಗಳೂ ಇವೆ. ಅವುಗಳಲ್ಲಿ ಕೆಲವುದರ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಮಲೆನಾಡಿನ ಅಡಿಕೆಗೆ ಬರುವ ಕೊಳೆರೋಗದ ಹೆಸರನ್ನು ತಾವು ಕೇಳಿದ್ದೀರಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾಕ್ಟರ್ ಕೋಲ್ಮನ್ನರು 1910ರಲ್ಲಿ ಅದನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದರು. ಆ ರೋಗವನ್ನು ತರುವ ಫೈಟಾಫ್ತೊರಾ ಎಂಬುದರ ಬಳಗವೇ ನಮ್ಮ ಕುಂಡಗಳ ಬೇರನ್ನೂ ತಿನ್ನುವುದುಂಟು. ಅಡಿಕೆಗೆ ಮೈಲುತುತ್ತು, ಸುಣ್ಣಗಳ ಬೋರ್ಡೋ ದ್ರಾವಣವನ್ನು ಹೊಡೆಯದೆ ಗತಿಯಿಲ್ಲ. ಕುಂಡದ ಗಿಡಕ್ಕಾದರೋ ನೀರು ನಿಲ್ಲದಂತೆ ನೋಡಿಕೊಳ್ಳುವುದೇ ಮುಕ್ಕಾಲು ಪಾಲು ಔಷಧ.

ನಮ್ಮ ಒಣನಾಡಿನ ಗಿಡಗಳು ಮಳೆಯನ್ನು ಕಾಣದವುಗಳೇನೂ ಅಲ್ಲ. ಚಾಮುಂಡಿ ಬೆಟ್ಟದ ತಪ್ಪಲಿನ ಕುರುಚಲಿಗೆ ಹೋಗಿ ನೋಡಿದರೆ ಕಳ್ಳಿಯೂ ಮಂಗರವಳ್ಳಿಯೂ ಬಂಡೆಯ ಸಂದುಗಳಲ್ಲಿ ಸುಖವಾಗಿರುವುವು. ಮೈಸೂರಿನ ಮಳೆಯೆಲ್ಲವೂ ಅವುಗಳ ತಲೆಯ ಮೇಲೆಯೇ ಸುರಿಯುವುದು. ಆದರೆ ಸುರಿದ ನೀರು ಗಳಿಗೆಯೊಳಗೆ ಇಳಿಜಾರಿನಲ್ಲಿ ಹರಿದುಹೋಗುವುದು. ನಾವು ಬೆಟ್ಟದ ಗಿಡವನ್ನು ತಂದೆವು, ಬೆಟ್ಟದ ಇಳಿಜಾರನ್ನು ತರಲಿಲ್ಲ.

ಮೊದಲು ಮಣ್ಣಿನ ವಿಚಾರ. ನಮ್ಮ ಕೆಮ್ಮಣ್ಣು ಒಳ್ಳೆಯದೇ, ಆದರೆ ಕುಂಡದಲ್ಲಿ ಎರಡು ಮಳೆ ಕಂಡಿತೆಂದರೆ ಅದುಮಿ ಗಟ್ಟಿಯಾಗುವುದು. ಅದರ ಪಾಲು ಮೂರರಲ್ಲಿ ಒಂದಕ್ಕೆ ಮೀರದಿರಲಿ. ಮಿಕ್ಕದ್ದು ದಪ್ಪ ಮರಳು, ಕಡಲೆಗಾತ್ರದ ಇಟ್ಟಿಗೆ ಚೂರು, ಸ್ವಲ್ಪ ಇದ್ದಿಲು. ನುಣ್ಣನೆಯ ಮರಳು ಬೇಡ, ಅದು ಸಂದುಗಳನ್ನು ಮುಚ್ಚುವುದು. ಕುಂಡದ ತಳದಲ್ಲಿ ಒಂದು ಗೇಣು ಜಲ್ಲಿಯನ್ನು ತುಂಬಿದರೆ ನೀರು ಬಸಿಯುವುದೆಂಬ ನಂಬಿಕೆ ನಮ್ಮ ಹಿರಿಯ ಮಾಲಿಗಳಲ್ಲಿಯೂ ಇದೆ, ಹೊಸ ಪುಸ್ತಕಗಳಲ್ಲಿಯೂ ಇದೆ. ಅದು ತಪ್ಪು. ನುಣುಪಾದ ಮಣ್ಣಿನಲ್ಲಿರುವ ನೀರು, ಆ ಮಣ್ಣು ಪೂರ್ತಿ ನೆನೆದು ತೊಯ್ಯುವವರೆಗೆ ಕೆಳಗಣ ಜಲ್ಲಿಗೆ ಇಳಿಯಲೊಲ್ಲದು. ಆದುದರಿಂದ ಜಲ್ಲಿಯು ಕೆಸರಿನ ಪದರವನ್ನು ಬೇರಿನ ಹತ್ತಿರಕ್ಕೆ ಎತ್ತಿಕೊಡುವುದೇ ಹೊರತು ನೀಗಿಸುವುದಿಲ್ಲ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು.

ಕುಂಡವು ಸುಟ್ಟ ಮಣ್ಣಿನದಾದರೆ ಪಕ್ಕಗಳಿಂದಲೂ ಒಣಗುವುದು. ಪ್ಲಾಸ್ಟಿಕ್ಕಿಗೆ ಆ ಗುಣವಿಲ್ಲ. ಮಳೆಗಾಲಕ್ಕೆ ಮೊದಲೇ ತಳದ ತಟ್ಟೆಗಳನ್ನೆಲ್ಲ ತೆಗೆದುಹಾಕಿ, ಕುಂಡಗಳನ್ನು ಎರಡೆರಡು ಇಟ್ಟಿಗೆಗಳ ಮೇಲೆ ಕೂರಿಸಿ, ತೂತುಗಳಲ್ಲಿ ಕಡ್ಡಿಯಾಡಿಸಿ ನೋಡತಕ್ಕದ್ದು. ನೆಲದಲ್ಲಿ ನೆಡುವುದಾದರೆ ಪಾತಿಯನ್ನು ಒಂದಡಿಯಷ್ಟು ಎತ್ತರಿಸಿ ಇಳಿಜಾರು ಕೊಡಬೇಕು. ಕತ್ತಾಳೆ, ಲೋಳೆಸರಗಳ ಎಲೆಗಳ ನಡುವಣ ಬಟ್ಟಲಿನಲ್ಲಿ ನೀರು ನಿಂತು ಸುಳಿ ಕೊಳೆಯುವುದರಿಂದ, ಎಡೆಬಿಡದ ಮಳೆಯ ದಿನ ಅಂತಹ ಕುಂಡಗಳನ್ನು ಓರೆಯಾಗಿ ಮಲಗಿಸಿಬಿಡುವುದು ಸುಲಭೋಪಾಯ. ಕಾಗದದ ಹೂವಿನ ಬಳ್ಳಿಯ ಚಿಂತೆ ಅಷ್ಟಾಗಿ ಬೇಡ. ನೀರು ಬಸಿಯುವ ನೆಲವಾದರೆ ಮಳೆಯಲ್ಲಿ ಅದು ಹೂವನ್ನು ಬಿಟ್ಟು ಎಲೆಯನ್ನು ಹೊರುವುದು, ಅಷ್ಟೆ.

ಇನ್ನು ಮೇಲಣ ಹೊದಿಕೆ. ಇಲ್ಲಿ ನಮ್ಮದೇ ಒಂದು ಅಪರಾಧವನ್ನು ಹೇಳಬೇಕಾಗಿದೆ. ಹನ್ನೆರಡು ವರ್ಷ ನಮ್ಮ ಮಾಳಿಗೆಯ ಮೇಲೆ ಬೆಳೆದು, ಬುಡವು ಸೋರೆಬುರುಡೆಯಂತೆ ಉಬ್ಬಿದ್ದ ಅಡೀನಿಯಮ್ ಒಂದಿತ್ತು. ಜಡಿಮಳೆ ಹಿಡಿದಾಗ ಕನಿಕರದಿಂದ ಅದಕ್ಕೆ ಟಾರ್ಪಾಲನ್ನು ಬಿಗಿಯಾಗಿ ಸುತ್ತಿದೆವು. ನಾಲ್ಕು ದಿನ ಗಾಳಿಯಿಲ್ಲದೆ, ಒಳಗಿನ ತೇವ ಹೊರಗೆ ಹೋಗದೆ ಅದು ಬೆವರಿತು. ತಳದ ತಟ್ಟೆಯನ್ನು ತೆಗೆಯುವುದನ್ನೂ ಮರೆತಿದ್ದೆವು. ಹೊದಿಕೆಯೆಂದರೆ ತಲೆಯ ಮೇಲೆ ಮೂರಡಿ ಎತ್ತರದಲ್ಲಿ ಗಾಜೋ ಪಾರದರ್ಶಕ ಹಾಳೆಯೋ ಇದ್ದು, ನಾಲ್ಕು ಕಡೆಯೂ ಗಾಳಿಯಾಡುವಂತಿರಬೇಕು. ಮನೆಯೊಳಗಿನ ಕತ್ತಲೆಗೆ ತಂದಿಟ್ಟರೂ ಗಿಡ ಬಿಳಿಚಿಕೊಂಡು ಸಣಕಲಾಗಿ ಬೆಳೆಯುವುದು. ಆಮೇಲೆ ಬಿಸಿಲಿಗಿಟ್ಟರೆ ಬೇಯುವುದು.

ಮಳೆ ನಿಂತ ಒಂದು ವಾರಕ್ಕೆ ಆ ಗಿಡದ ಬುಡ ಸುಕ್ಕುಗಟ್ಟಿತು. ಬಾಯಾರಿದ ಗಿಡವೂ ಸುಕ್ಕುಗಟ್ಟುವುದು, ಬೇರು ಕೊಳೆತ ಗಿಡವೂ ಸುಕ್ಕುಗಟ್ಟುವುದು. ಏತಕ್ಕೆಂದರೆ ನೀರಿದ್ದರೂ ಹೀರಲು ಎರಡನೆಯದಕ್ಕೆ ಬಾಯಿಯೇ ಉಳಿದಿರುವುದಿಲ್ಲ. ಮನೆಯವರು ಬಾಯಾರಿಕೆಯೆಂದು ಭಾವಿಸಿ ಒಂದು ಚೊಂಬು ನೀರೆರೆದರು. ನಾವೂ ಬೇಡವೆನ್ನಲಿಲ್ಲ. ಮಣ್ಣಿನಲ್ಲಿ ಬೆರಳಿಟ್ಟು ನೋಡುವಷ್ಟು ವ್ಯವಧಾನವಿದ್ದಿದ್ದರೆ ತಿಳಿಯುತ್ತಿತ್ತು. ಮಣ್ಣು ತೇವವಾಗಿದ್ದೂ ಗಿಡ ಸುಕ್ಕುಗಟ್ಟಿದ್ದರೆ ಅದು ಬೇರಿನ ರೋಗ. ಒತ್ತಿದರೆ ಬುಡ ಮೆತ್ತಗಾಗಿ ಹುಳಿವಾಸನೆ ಬಂದರಂತೂ ಸಂದೇಹವೇ ಇಲ್ಲ.

ಆಗ ಗಿಡವನ್ನು ಕುಂಡದಿಂದ ಕಿತ್ತು ಮಣ್ಣನ್ನು ಕೊಡಹಿ, ಸ್ಪಿರಿಟ್ಟಿನಲ್ಲಿ ಒರೆಸಿದ ಚಾಕುವಿನಿಂದ ಕೊಳೆತ ಭಾಗವನ್ನೆಲ್ಲ ಕೊಯ್ಯಬೇಕು. ಕೊಯ್ದ ಮುಖದಲ್ಲಿ ಕಂದುಬಣ್ಣದ ಒಂದು ಚುಕ್ಕೆ ಉಳಿದರೂ ಚಾಕುವನ್ನು ಒರೆಸಿ ಮತ್ತೆ ಕೊಯ್ಯಬೇಕು; ಇಲ್ಲಿ ದಯೆಗೆ ಎಡೆಯಿಲ್ಲ. ಬಳಿಕ ಗಾಯಕ್ಕೆ ಇದ್ದಿಲಪುಡಿಯನ್ನೋ ಗಂಧಕದ ಪುಡಿಯನ್ನೋ ಸವರಿ, ನೆರಳಿನ ಗಾಳಿಯಲ್ಲಿ ಒಂದು ವಾರ, ದೊಡ್ಡ ಗಾಯವಾದರೆ ಹತ್ತು ಹದಿನೈದು ದಿನ, ಒಣಗಲು ಬಿಡತಕ್ಕದ್ದು. ಆ ದಿನಗಳಲ್ಲಿ ಬೇರಿಲ್ಲದೆ ಮಲಗಿರುವ ಗಿಡವನ್ನು ಕಂಡು ಕೈ ತಡೆಯುವುದು ಕಷ್ಟ. ಒಣ ಮರಳಿನಲ್ಲಿ ನಿಲ್ಲಿಸಿದ ಮೇಲೂ ಒಂದು ವಾರ ನೀರು ಬೇಡ, ಗೊಬ್ಬರವಂತೂ ಹೊಸ ಎಲೆ ಕಾಣುವವರೆಗೆ ಬೇಡ.

ನಮ್ಮ ಅಡೀನಿಯಮ್ಮಿನ ಸೋರೆಬುರುಡೆ ಉಳಿಯಲಿಲ್ಲ. ಗೇಣುದ್ದದ ಎರಡು ಕೊಂಬೆಗಳನ್ನು ಮಾತ್ರ ಮೇಲೆ ಹೇಳಿದಂತೆ ಒಣಗಿಸಿ ನೆಟ್ಟೆವು. ಒಂದು ಕೊಳೆಯಿತು, ಇನ್ನೊಂದು ಚಿಗುರಿದೆ. ಕೊಂಬೆಯಿಂದ ಬಂದ ಗಿಡಕ್ಕೆ ಬೀಜದ ಗಿಡದಂತಹ ಉಬ್ಬಿದ ಬುಡವು ಸುಲಭವಾಗಿ ಬಾರದೆಂಬುದನ್ನು ಬಲ್ಲೆವು. ಆದರೂ ಅದನ್ನು ತಟ್ಟೆಯಿಲ್ಲದ ಮಣ್ಣಿನ ಕುಂಡದಲ್ಲಿ, ಎರಡು ಇಟ್ಟಿಗೆಗಳ ಮೇಲೆ ಇಟ್ಟಿದ್ದೇವೆ.