ಗದ್ದೆಯಲ್ಲಿ ನಿವೃತ್ತಿಯಿಲ್ಲ

(ಅಂಕೋಲೆಯಲ್ಲಿ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪಕ್ಷದ ಕೆಲಸಕ್ಕೆ ಬರುವ ಮೊದಲು ನಾವು ಶಾಲಾ ಮಾಸ್ತರರಾಗಿದ್ದವರು. ಈಗ ಸಭೆ ಕೂಡಿಸಲು ಹಳ್ಳಿ ಹಳ್ಳಿ ತಿರುಗುತ್ತೇವೆ. ಕಳೆದ ಮಳೆಗಾಲದಲ್ಲಿ ಇಲ್ಲಿಯೇ ಸಮೀಪದ ಒಂದು ಕೇರಿಯಲ್ಲಿ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕೆಸರಿನಲ್ಲಿ ನಿಂತು ಭತ್ತದ ಸಸಿ ನೆಡುತ್ತಿದ್ದರು. "ಅಜ್ಜಿ, ಇನ್ನಾದರೂ ಕೂತು ಉಣ್ಣಬಾರದೇ?" ಎಂದೆವು. "ಕೂತ್ರೆ ಗಂಜಿ ಎಲ್ಲಿಂದ ಬರ್ತದೆ, ಮಾಸ್ತರೇ?" ಎಂದರು. ಅಷ್ಟು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವರು ನಾವು. ಈ ಲೆಕ್ಕಕ್ಕೆ ಮಾತ್ರ ನಮ್ಮಲ್ಲಿ ಉತ್ತರವಿರಲಿಲ್ಲ.

ನಿಮ್ಮಲ್ಲಿ ಗಿರಣಿಯಲ್ಲಿ ದುಡಿಯುವವರಿದ್ದೀರಿ. 1952ರ ಕಾಯಿದೆಯಿಂದ ಕಾರ್ಮಿಕನಿಗೆ ಭವಿಷ್ಯನಿಧಿ ಬಂತು, 1972ರಲ್ಲಿ ಗ್ರಾಚ್ಯುಟಿ, 1995ರಲ್ಲಿ ಪಿಂಚಣಿ. ಆ ಪಿಂಚಣಿಯ ಕನಿಷ್ಠ ಮೊತ್ತ 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದಾಯಿತು. ಇದು ಸಾಲದು ಎಂದು ನೀವು ಕೂಗುತ್ತೀರಿ; ನ್ಯಾಯವಾಗಿಯೇ ಕೂಗುತ್ತೀರಿ. ಆದರೂ ನಿಮ್ಮ ಹೆಸರಿಗೊಂದು ಖಾತೆಯಿದೆ, ದುಡಿದ ವರ್ಷಗಳಿಗೆ ದಾಖಲೆಯಿದೆ. ಅಂಗಡಿಕಾರರಿಗೆಂದು 2019ರಲ್ಲಿ ಒಂದು ಪಿಂಚಣಿ ಯೋಜನೆ ಬಂತು. ಸೇರಲು ವಯಸ್ಸು ನಲವತ್ತು ಮೀರಿರಬಾರದು, ಕಂತೂ ಕಟ್ಟಬೇಕು. ಅಂದೇ ಐವತ್ತಾಗಿದ್ದ ಕಿರಾಣಿಯವನು ಹೊರಗೇ ಉಳಿದ. ಇನ್ನು ಗದ್ದೆಯ ಕೂಲಿಗೆ, ಮೀನುಬುಟ್ಟಿ ಹೊತ್ತು ಕಾರವಾರದ ಬೀದಿ ಸುತ್ತುವ ತಾಯಿಗೆ ಯಾವ ಮಾಲಿಕ ಖಾತೆ ತೆರೆದಾನು?

ಹೊನ್ನಳ್ಳಿಯ ತುಳಸಿ ಗೌಡರನ್ನು ನೀವೆಲ್ಲ ಬಲ್ಲಿರಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದ ಮೇಲೆ ಅವರಿಗೆ ಖಾಯಂ ನೌಕರಿ ಸಿಕ್ಕಿತು. ಮುಂದೆ ಪದ್ಮಶ್ರೀಯೂ ಬಂತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ದೇಶವೇ ನೆನೆಯಿತು. ಖಾಯಂ ಆಗದೆಯೇ ಮುಪ್ಪಾದ ಉಳಿದ ದಿನಗೂಲಿಗಳ ಹೆಸರು ಯಾವ ಪುಸ್ತಕದಲ್ಲಿದೆ?

ಮಗ ನೋಡಿಕೊಳ್ಳಬಾರದೇ ಎನ್ನುವವರುಂಟು. ಮಗ ನಸುಕಿನಲ್ಲೆದ್ದು ಕಾಳಿ ನದಿ ದಾಟಿ ಗೋವೆಗೆ ಕೆಲಸಕ್ಕೆ ಹೋಗುತ್ತಾನೆ. ಅವನ ದುಡಿಮೆ ಅವನ ಮಕ್ಕಳಿಗೇ ಸಾಲದು. 1974ರ ಭೂಸುಧಾರಣೆಯಿಂದ ಗೇಣಿದಾರನಿಗೆ ದಕ್ಕಿದ ಭೂಮಿ ಪಾಲಾಗಿ ಪಾಲಾಗಿ ಗುಂಟೆಗಳಿಗಿಳಿದಿದೆ. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರಿಗೆ ಅದೂ ಇಲ್ಲ. ಮಗನನ್ನು ಬೈದು ಫಲವೇನು?

ಸರಕಾರ ಏನು ಕೊಡುತ್ತದೆ? ಕೇಂದ್ರದ ವೃದ್ಧಾಪ್ಯ ವೇತನ 1995ರಲ್ಲಿ 75 ರೂಪಾಯಿಯಿಂದ ಆರಂಭವಾಯಿತು. ದಶಕ ಕಳೆದ ಮೇಲೆ 200ಕ್ಕೆ ಏರಿತು. ಎಂಬತ್ತರೊಳಗಿನವರಿಗೆ ಬಹುಕಾಲ ಅಲ್ಲಿಯೇ ನಿಂತಿತು. ನಮ್ಮ ರಾಜ್ಯ 2007ರಲ್ಲಿ ತಂದ ಸಂಧ್ಯಾ ಸುರಕ್ಷಾ 1,200 ರೂಪಾಯಿಗೆ ಮುಟ್ಟಿದೆ. ಅಂದರೆ ದಿನಕ್ಕೆ 40 ರೂಪಾಯಿ. ಅದನ್ನು ಪಡೆಯುವುದಕ್ಕೂ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು. ಆ ಅಜ್ಜಿಯ ಬೆರಳಿನ ಗೆರೆಗಳು ಕೆಸರಿನಲ್ಲಿ, ಕೊಯ್ಲಿನಲ್ಲಿ ಸವೆದುಹೋಗಿವೆ. ಯಂತ್ರ ಒಪ್ಪಲಿಲ್ಲವೆಂದು ಎರಡು ಸಲ ಬರಿಗೈಯಲ್ಲಿ ಮರಳಿದರು. ಜೀವಮಾನವೆಲ್ಲ ದುಡಿದದ್ದಕ್ಕೆ ಸವೆದ ಆ ಹೆಬ್ಬೆಟ್ಟಿಗಿಂತ ದೊಡ್ಡ ಸಾಕ್ಷಿ ಬೇಕೇ? ಯಂತ್ರ ಮಾತ್ರ ಆ ಸಾಕ್ಷಿಯನ್ನೇ ತಳ್ಳಿಹಾಕಿತು.

ಮುದುಕರ ಪಿಂಚಣಿ ಭಿಕ್ಷೆಯಲ್ಲ. ಹರೆಯದಲ್ಲಿ ಕೊಡದೆ ಉಳಿಸಿಕೊಂಡ ಕೂಲಿಯ ಬಾಕಿ ಅದು. ಹಣವೆಲ್ಲಿಂದ ಬರಬೇಕೆಂದು ಕೇಳುವವರಿಗೆ ಒಂದೇ ಮಾತು: ಸಾಬೂನು ಕೊಂಡಾಗಲೆಲ್ಲ ಆ ಅಜ್ಜಿಯೂ ತೆರಿಗೆ ಕೊಟ್ಟಿದ್ದಾರೆ. ಬೆಲೆ ಏರಿದಂತೆ ಪಿಂಚಣಿಯೂ ಏರಬೇಕು. ಹೆಬ್ಬೆಟ್ಟು ಮೂಡದವರಿಗೆ ಮನೆ ಬಾಗಿಲಲ್ಲೇ ಹಣ ಸಲ್ಲಬೇಕು. ಇವೆರಡು ನಮ್ಮ ಬೇಡಿಕೆ.

1930ರಲ್ಲಿ ಇದೇ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದರು. ಮುಂದೆ ಕರನಿರಾಕರಣೆಯಲ್ಲಿ ರೈತರು ಹೊಲ ಮನೆ ಕಳೆದುಕೊಂಡರು. ಅಷ್ಟು ದೊಡ್ಡ ತ್ಯಾಗವನ್ನು ನಾವು ನಿಮ್ಮಿಂದ ಕೇಳುತ್ತಿಲ್ಲ. ಗಿರಣಿಯ ಗೆಳೆಯರು ವಾರದ ರಜೆಯಲ್ಲಿ ಒಬ್ಬೊಬ್ಬ ಮುದುಕರ ಅರ್ಜಿ ಬರೆದುಕೊಡಿ. ಅಂಗಡಿಯವರೇ, ನಿಮ್ಮ ಉದ್ರಿ ಪುಸ್ತಕ ತೆಗೆದು ನೋಡಿ. ಕೇರಿಯಲ್ಲಿ ಯಾರ ಮನೆಯ ಒಲೆ ಆರಿದೆಯೆಂದು ನಿಮಗಿಂತ ಬಲ್ಲವರಿಲ್ಲ. ಆ ಹೆಸರುಗಳನ್ನು ನಮಗೆ ಕೊಡಿ. ಅವರನ್ನು ಕರೆದುಕೊಂಡು ಒಟ್ಟಾಗಿ ಕಚೇರಿಗೆ ಹೋಗೋಣ. ಮುಂದಿನ ಮಳೆಗಾಲದಲ್ಲಿ ಆ ಅಜ್ಜಿ ಜಗುಲಿಯ ಮೇಲೆ ಕೂತು ಮಳೆ ನೋಡುವಂತಾಗಲಿ.